ಬಲಮೂಲೆಯ ಹೆಸರು

ಬೆಳಗಿನಿಂದ ಹುಲಗಪ್ಪ ಆ ಸಾಲನ್ನು ನಾಲ್ಕು ಸಲ ಅಳಿಸಿದ್ದ, ನಾಲ್ಕು ಸಲವೂ ವಾಪಸು ತಂದಿದ್ದ. ಪರದೆಯ ತೀರ ಕೆಳಗೆ, ಬಲಗಡೆ ಮೂಲೆಯಲ್ಲಿ, ಸಾಸಿವೆಯಷ್ಟು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಯಾರದೋ ಹೆಸರು. ಯಾವ ದೇಶದವನೋ, ಗಂಡಸೋ ಹೆಂಗಸೋ ತಿಳಿಯುವಂತಿರಲಿಲ್ಲ. ಓದಲು ಹೋದರೆ ನಾಲಿಗೆ ಅರ್ಧಕ್ಕೇ ತೊಡರುತ್ತಿತ್ತು. ಅಳಿಸಿದರೆ ಪುಟ ಚೊಕ್ಕಟವಾಗಿ ಕಾಣುತ್ತಿತ್ತು, ಈಗಷ್ಟೇ ಸಾರಿಸಿದ ಅಂಗಳದ ಹಾಗೆ. ಚೊಕ್ಕಟವಾಯಿತು ಎಂದುಕೊಂಡ ಮರುಕ್ಷಣವೇ ಬೆರಳು ತಾನಾಗಿಯೇ ಹೋಗಿ ಅದನ್ನು ಮತ್ತೆ ಎಳೆದು ತರುತ್ತಿತ್ತು. ನಲವತ್ತರ ಹತ್ತಿರ ಬಂದ ಗಂಡಸು, ಶಹಾಪುರದಂಥ ಊರಿನಲ್ಲಿ ಒಂಬತ್ತು ವರ್ಷದಿಂದ ಕಂಪ್ಯೂಟರ್ ಸೆಂಟರ್ ನಡೆಸಿದವನು, ಒಂದು ಸಾಲಿಗೆ ಹೀಗೆ ಹೆದರುವುದುಂಟೇ? ತನ್ನ ಮೇಲೆ ತನಗೇ ನಗೆ ಬಂತು. ನಗಲು ಹೋದಾಗ ಬಾಯಿ ಒಣಗಿದ್ದು ಗೊತ್ತಾಗಿ ಎದ್ದು ನೀರು ಕುಡಿದ.

ಸಗರದ ನೀರು ಬಳಕೆದಾರರ ಸಂಘಕ್ಕೆ ಒಂದು ವೆಬ್‌ಸೈಟು ಬೇಕಾಗಿತ್ತು. ಕಾಲುವೆಯ ನೀರು ಯಾವ ದಿನ ಯಾರ ಹೊಲಕ್ಕೆ ಎಂಬ ಪಾಳಿ ಪಟ್ಟಿಯನ್ನು ಇನ್ನು ಮೇಲೆ ಮೊಬೈಲಿನಲ್ಲೇ ನೋಡಬಹುದು, ಚಾವಡಿ ಗೋಡೆಗೆ ಅಂಟಿಸಿದ ಹಾಳೆಯನ್ನು ಹರಿದರೆಂದು ಒಬ್ಬರ ಮೇಲೊಬ್ಬರು ಗುಮಾನಿ ಪಡುವುದು ತಪ್ಪುತ್ತದೆ ಎಂದು ಅಧ್ಯಕ್ಷ ಯಂಕಣ್ಣನೇ ಈ ಕೆಲಸ ಹಿಡಿದು ತಂದಿದ್ದ. ಇವತ್ತು ಮಧ್ಯಾಹ್ನ ಮೂರಕ್ಕೆ ಸಂಘದ ಸಭೆಯಲ್ಲಿ ತೋರಿಸಬೇಕು. ಹುಲಗಪ್ಪ ಹದಿನೈದು ದಿನ ಟೆಂಪ್ಲೇಟು, ಅಂದರೆ ಬೇರೆಯವರು ಮಾಡಿಟ್ಟ ಸಿದ್ಧ ಪುಟ, ಹುಡುಕಿದ್ದ. ರೊಕ್ಕ ಕೊಟ್ಟು ಕೊಳ್ಳುವ ದೊಡ್ಡ ದೊಡ್ಡವನ್ನು ನೋಡಿದ. ಅವುಗಳಲ್ಲಿ ಕನ್ನಡ ಹಾಕಿದರೆ ಒತ್ತಕ್ಷರಗಳು ಮುರಿದು ಅಕ್ಕಪಕ್ಕ ಬಿದ್ದುಕೊಳ್ಳುತ್ತಿದ್ದವು. ಕೊನೆಗೆ ಸಿಕ್ಕಿದ್ದು ಇದು. ಯಾವುದೋ ಕಾಫಿ ಅಂಗಡಿಗೆಂದು ಮಾಡಿದ್ದು. ಮೊದಲು ತೆರೆದಾಗ ಕೆಂಪು ಕೂದಲಿನ ಹೆಂಗಸೊಬ್ಬಳು ಕಾಫಿಯ ಕಪ್ಪು ಹಿಡಿದು ನಗುತ್ತಿದ್ದಳು. ಅವಳನ್ನು ತೆಗೆದು ಅಲ್ಲಿ ಕಾಲುವೆಯ ಚಿತ್ರ ಕೂರಿಸಿದ್ದ, ಅವಳ ಕಾಫಿಯ ಪಟ್ಟಿಯ ಜಾಗದಲ್ಲಿ ಪಾಳಿ ಪಟ್ಟಿ. ಕನ್ನಡ ಒಂದು ಕೂದಲೆಳೆಯೂ ಅತ್ತಿತ್ತ ಆಗದೆ ನಿಂತಿತ್ತು. ಮಾಡಿದವನ ಶರತ್ತು ಎರಡೇ ಮಾತಿನದು. ಪುಕ್ಕಟೆ ಒಯ್ಯಿರಿ, ಕೆಳಗೆ ನನ್ನ ಹೆಸರು ಇರಲಿ. ಹೆಸರು ಬೇಡವೆಂದರೆ ಇಷ್ಟು ಕೊಟ್ಟು ಹೆಸರಿಲ್ಲದ್ದನ್ನು ಒಯ್ಯಿರಿ. ಆ ಇಷ್ಟು ಎಂಬುದು ಲೆಕ್ಕ ಹಾಕಿದರೆ ಮೂರು ಸಾವಿರ ಚಿಲ್ಲರೆ ಆಗುತ್ತಿತ್ತು. ಅಷ್ಟು ತೆತ್ತರೆ ಹುಲಗಪ್ಪನ ಕೈಗೆ ಉಳಿಯುವುದು ಕರೆಂಟ್ ಬಿಲ್ಲಿನಷ್ಟೇ. ರೊಕ್ಕ ಕೊಡದೆಯೂ ಅಳಿಸಬಹುದಿತ್ತು. ಯಾರು ಬಂದು ಕೇಳುತ್ತಾರೆ, ಸಗರದ ತನಕ?

ಕೇಳುವವನು ಯಂಕಣ್ಣ. ಹೆಸರು ಯಾಕಿಲ್ಲ ಎಂದು ಅವನು ಕೇಳುವವನಲ್ಲ, ಹೆಸರು ಯಾಕಿದೆ ಎಂದು ಕೇಳುವವನು. ಕೆಲಸ ಒಪ್ಪಿಕೊಂಡ ದಿನ ಹುಲಗಪ್ಪ, ಯಾರೂ ಕೇಳದಿದ್ದರೂ, ಎಲ್ಲ ನನ್ನ ಸ್ವಂತ ಕೈಲೇ ಮಾಡತೀನ್ರಿ ಅಂದುಬಿಟ್ಟಿದ್ದ. ಯಾಕೆ ಅಂದೆ ಎಂದು ಈಗ ಹೊಳೆಯುತ್ತಿರಲಿಲ್ಲ. ಯಂಕಣ್ಣ ಚಹಾ ತರಿಸಿದ್ದ, ಕುರ್ಚಿ ಎಳೆದು ಕೊಟ್ಟಿದ್ದ, ಅಷ್ಟಕ್ಕೇ ಅಂದಿರಬೇಕು. ಚಹಾ ಕೊಟ್ಟವರ ಎದುರು ಹುಲಗಪ್ಪನಿಗೆ ಬೆನ್ನೆಲುಬು ಮೆತ್ತಗಾಗುವುದು ಇಂದಿನ ಮಾತಲ್ಲ. ಕಿಟಕಿಯಾಚೆ ಬುದ್ಧ ಮಲಗಿದ ಹಾಗೆ ಕಾಣುವ ಗುಡ್ಡ ಬಿಸಿಲಿಗೆ ಮಸುಕಾಗಿ ಮಲಗಿತ್ತು. ಐದನೆಯ ಸಲ ಸಾಲಿನ ಮೇಲೆ ಬಾಣದ ಗುರುತು ಒಯ್ದಿಟ್ಟ ಹೊತ್ತಿಗೆ ಬಾಗಿಲಲ್ಲಿ ಯಾರೋ ಚಪ್ಪಲಿ ಬಿಟ್ಟ ಸದ್ದಾಯಿತು.

ಜಹೀರುನ್ನೀಸಾ. ಸುರಪುರದ ಲಾಡ್ಲೇಸಾಬನ ಮಗಳು. ಬುರ್ಖಾದ ಮುಸುಕನ್ನು ಹಿಂದಕ್ಕೆ ಸರಿಸಿ, ಹುಲಗಪ್ಪಣ್ಣ ಆರಾಮೇನ್ರಿ ಎಂದು ಕೇಳಿದಳು. ಎಷ್ಟು ವರ್ಷವಾಗಿತ್ತು ಈ ಧ್ವನಿ ಕೇಳಿ? ಇಪ್ಪತ್ತೆರಡರ ಹುಲಗಪ್ಪ ಬಿ.ಎ. ಫೇಲಾಗಿ ಸುರಪುರದ ಗಲ್ಲಿಗಳಲ್ಲಿ ಅಲೆಯುತ್ತಿದ್ದಾಗ ಲಾಡ್ಲೇಸಾಬ ಕೈಗೆ ಬ್ರಶ್ ಕೊಟ್ಟು ಬೋರ್ಡು ಬರೆಯುವುದನ್ನು ಕಲಿಸಿದ್ದ; ಈಕೆ ಆಗ ಬಾಗಿಲ ಸಂದಿಯಿಂದ ಊಟದ ಡಬ್ಬಿ ಚಾಚುವ ಒಂದು ಕೈ ಮಾತ್ರ ಆಗಿದ್ದಳು. ಕುರ್ಚಿಯ ತುದಿಯಲ್ಲಿ ಕೂತು ಒಂದು ಅರ್ಜಿ ಹೊರತೆಗೆದಳು. ವಯಸ್ಸಾದ ಕಲಾವಿದರಿಗೆ ತಿಂಗಳ ಮಾಸಾಶನ ಕೊಡುತ್ತಾರಂತೆ. ಬೋರ್ಡು ಬರೆಯುವವರೂ ಕಲಾವಿದರು ಎಂದು ಯಾದಗಿರಿಯ ಆಫೀಸಿನಲ್ಲಿ ಒಬ್ಬ ಸಾಹೇಬರು ಒಪ್ಪಿದ್ದಾರೆ. ಆದರೆ ಇವರು ಬರೆದದ್ದೇ ಎಂದು ತೋರಿಸಲು, ಹೆಸರಿರುವ ಒಂದು ಬೋರ್ಡಾದರೂ ಈಗಲೂ ನಿಂತಿರಬೇಕು, ಅದರ ಫೋಟೋ ಬೇಕು. ನಾಳೆ ಕೊನೆಯ ದಿನ. ಅವಳು ಒಂದು ವಾರದಿಂದ ಸುರಪುರ, ಹುಣಸಗಿ, ಕೆಂಭಾವಿ ಎಲ್ಲ ಸುತ್ತಿದ್ದಳು. ಹೋದಲ್ಲೆಲ್ಲ ಬೋರ್ಡಿನ ಜಾಗದಲ್ಲಿ ಫ್ಲೆಕ್ಸು.

“ಒಂದೇ ಒಂದು ಉಳದದ್ರಿ. ಶಹಾಪುರ ರೋಡಿಂದು, ಈಶಪ್ಪ ಸಾವ್ಕಾರ್ರ ಹತ್ತಿ ಮಿಲ್ಲಿನ ಬೋರ್ಡು,” ಎಂದು ಅವಳು ಮೊಬೈಲು ಮುಂದೆ ಹಿಡಿದಳು. “ಬರೋಮುಂದ ಇಳದು ತಕ್ಕೊಂಡೀನಿ. ಆದ್ರ ಅದರಾಗ ಅಬ್ಬಾನ ಹೆಸರೇ ಇಲ್ಲ. ಫೋನ್ ಮಾಡಿ ಅಬ್ಬಾನ್ನ ಕೇಳಿದ್ರ, ಹುಲಗಪ್ಪನ ಕೇಳು, ಅವಗ ಗೊತ್ತದ ಅಂದ್ರು. ಮತ್ತ ಏನೂ ಹೇಳಲಿಲ್ಲ.”

ಹುಲಗಪ್ಪ ಫೋಟೋ ನೋಡಿದ. ಹಳದಿ ನೆಲದ ಮೇಲೆ ಕಪ್ಪು ಅಕ್ಷರ, ಅಕ್ಷರದ ಅಂಚಿಗೆ ಕೆಂಪು ನೆರಳು. ಹದಿನೈದು ವರ್ಷದ ಬಿಸಿಲಿಗೂ ಆ ಕಪ್ಪು ಬೂದಿಯಾಗಿರಲಿಲ್ಲ. ತಾನು ನೋಡುತ್ತಿರುವುದು ಅಕ್ಷರಗಳನ್ನೇ ಎಂದು ಅವಳಿಗೆ ಕಾಣಲಿ ಎಂದು ಕಣ್ಣನ್ನು ಮೇಲುಗಡೆಯೇ ಇಟ್ಟುಕೊಂಡ. ಬಲಮೂಲೆಗೆ ಹೋಗಲಿಲ್ಲ. ಅವಳು ಕಾಯುತ್ತಿದ್ದಳು. ಆಸ್ಪತ್ರೆಯಲ್ಲಿ ಅಪ್ಪನ ಗುಳಿಗೆ ತರುವುದಿದೆ, ಐದರ ಬಸ್ಸಿಗೆ ಮೊದಲು ಬರುತ್ತೇನೆ, ಅಷ್ಟರೊಳಗೆ ಹೆಸರಿರುವ ಬೇರೆ ಯಾವುದಾದರೂ ನೆನಪಾದರೆ ನೋಡಿ ಎಂದಳು. ಅವನು ಆಗಲಿ ಎಂದ. ಅರ್ಜಿ ಇಲ್ಲೇ ಇರಲಿ, ಫೋಟೋ ಕಂಪ್ಯೂಟರಿಗೆ ಹಾಕಿಕೊಂಡಿದ್ದೇನೆ ಎಂದ. ಧ್ವನಿ ಸರಿಯಾಗಿಯೇ ಇತ್ತು. ಅವಳು ಹೋದ ಮೇಲೆ ನೋಡಿದರೆ, ಅರ್ಜಿ ಹಿಡಿದ ಕೈಯ ಬೆವರಿಗೆ ಕಾಗದದ ಅಂಚು ಸುರುಳಿಯಾಗಿತ್ತು.

ಉಸ್ತಾದ ಲಾಡ್ಲೇಸಾಬನ ರಿವಾಜು ಒಂದಿತ್ತು. ಬೋರ್ಡು ಪೂರ್ತಿಯಾಗಿ, ದಾರದಲ್ಲಿ ಹೊಡೆದ ಸೀಮೆಸುಣ್ಣದ ಗೆರೆಗಳನ್ನು ಒರೆಸಿ, ದೂರ ನಿಂತು ಒಂದು ಬೀಡಿ ಸೇದಿ ಆದ ಮೇಲೆ, ಎಲ್ಲಕ್ಕಿಂತ ಸಣ್ಣ ಬ್ರಶ್ ತೆಗೆದುಕೊಂಡು ಬಲಮೂಲೆಯಲ್ಲಿ ತನ್ನ ಹೆಸರು, ಅದರ ಕೆಳಗೊಂದು ಬೇವಿನ ಎಲೆ. ಹೆಸರು ಇದ್ದರೆ ಒಂದು ರೇಟು, ಹೆಸರು ಬೇಡವೆಂದರೆ ಒಂದೂವರೆ. ಗಿರಾಕಿಗಳು ನಗುತ್ತಿದ್ದರು. ಇದೆಂಥ ಉಲ್ಟಾ ವ್ಯಾಪಾರವೋ ಎನ್ನುತ್ತಿದ್ದರು. ಹುಲಗಪ್ಪನೂ ಒಮ್ಮೆ ಕೇಳಿದ್ದ. ನನ್ನ ಕೆಲಸ ನಂದಲ್ಲ ಅಂತ ಅನ್ನಾಕ ರೊಕ್ಕ ಬೇಕಲ್ಲೇನೋ ಎಂದಿದ್ದ ಲಾಡ್ಲೇಸಾಬ. ಈಶಪ್ಪ ಸಾವ್ಕಾರನಿಗೆ ಹೆಸರೂ ಬೇಡವಾಗಿತ್ತು, ಒಂದೂವರೆಯೂ ಬೇಡವಾಗಿತ್ತು. ಅವತ್ತು ಶುಕ್ರವಾರ. ಹೆಸರು ಬರೆದು, ಬ್ರಶ್ಶನ್ನು ಸೀಮೆಎಣ್ಣೆ ಡಬ್ಬಿಯಲ್ಲಿಟ್ಟು ಉಸ್ತಾದ ನಮಾಜಿಗೆ ಹೋದ. ಸಾವ್ಕಾರ ಹುಲಗಪ್ಪನನ್ನು ಒಳಗೆ ಕರೆದ, ಮಂಡಾಳ ಮಿರ್ಚಿ ತರಿಸಿಕೊಟ್ಟ, ಗಾದಿಯ ಪಕ್ಕದಲ್ಲೇ ಕೂರಿಸಿಕೊಂಡ. ಹಿಂದಿನ ದಿನದ ಅಕ್ಷರಗಳೆಲ್ಲ ಒಣಗಿದ್ದವು. ಎಲ್ಲಕ್ಕಿಂತ ಕೊನೆಗೆ ಬರೆದ ಹೆಸರು ಮಾತ್ರ ಹಸಿಯಾಗಿತ್ತು. “ಒರಸಿ ಬಿಡು, ಏನಾಗ್ತದ,” ಎಂದ ಸಾವ್ಕಾರ, ಬಾಯಲ್ಲಿ ಮಿರ್ಚಿ ಇಟ್ಟುಕೊಂಡೇ. ಹುಲಗಪ್ಪ ಸೀಮೆಎಣ್ಣೆ ಅರಿವೆ ತೆಗೆದುಕೊಂಡು ಹೋಗಿ ಒರೆಸಿದ. ಹೆದರಿಸಿರಲಿಲ್ಲ ಯಾರೂ, ರೊಕ್ಕ ಕೊಟ್ಟಿರಲಿಲ್ಲ. ಗಾದಿಯ ಪಕ್ಕ ಕೂರಿಸಿದ್ದರು, ಅಷ್ಟೇ. ಉಸ್ತಾದ ಟೋಪಿ ಮಡಚುತ್ತ ಬಂದು ಬೋರ್ಡು ನೋಡಿದ. ತುಂಬ ಹೊತ್ತು ನೋಡಲಿಲ್ಲ. ತಿರುಗಿ, “ಕೈ ತೊಳ್ಕೊಂಡು ಬಾ, ಚಹಾ ಕುಡಿಯಣ,” ಎಂದ. ಬಾವಿಕಟ್ಟೆಯಲ್ಲಿ ಹುಲಗಪ್ಪ ಎಷ್ಟು ತಿಕ್ಕಿದರೂ ಬೆರಳಿನ ಸೀಮೆಎಣ್ಣೆ ವಾಸನೆ ಹೋಗಲಿಲ್ಲ. ಅದಾದ ಮೇಲೆ ಉಸ್ತಾದ ಒಂದು ಮಾತು ಬೈದಿದ್ದರೆ ಇವತ್ತು ಇಷ್ಟು ಕಷ್ಟವಾಗುತ್ತಿರಲಿಲ್ಲವೇನೋ. ಎರಡು ತಿಂಗಳಿಗೆ ಹುಲಗಪ್ಪ ಕಂಪ್ಯೂಟರ್ ಕಲಿಯುತ್ತೇನೆಂದು ಕಲಬುರಗಿಗೆ ಹೋದ. ತಾನು ಹೋದದ್ದು ಕಲಿಯಲಿಕ್ಕೇ ಎಂದು ಹೆಂಡತಿಗೂ ಹೇಳಿದ್ದ, ತಾನೂ ನಂಬಿದ್ದ.

ಹನ್ನೆರಡೂವರೆ. ಫೋಟೋವನ್ನು ಪರದೆಯ ಮೇಲೆ ದೊಡ್ಡದು ಮಾಡಿದ. ಈಗ ಮೂಲೆಗೆ ಹೋಗಲೇಬೇಕಾಯಿತು. ಅಲ್ಲಿ ಹಳದಿ ಒಂದಿಷ್ಟು ಮಂಕಾಗಿತ್ತು, ಅರಿವೆ ಎಳೆದ ದಿಕ್ಕಿಗೆ ಮೂರು ಬೆರಳಿನ ಒತ್ತು ಇನ್ನೂ ಕಾಣುತ್ತಿತ್ತು. ಗೊತ್ತಿದ್ದವರಿಗೆ ಮಾತ್ರ ಕಾಣುವಂಥದು. ಆ ಕ್ಷಣಕ್ಕೆ ಅವನಿಗೆ ಎಷ್ಟು ಸಲೀಸಾದ ದಾರಿ ಹೊಳೆಯಿತೆಂದರೆ ಉಸಿರು ಸಡಿಲಾಯಿತು. ಇದೇ ಮೂಲೆಯಲ್ಲಿ ಇಲ್ಲೇ ಕೂತು ಹೆಸರು ಕೂರಿಸಿದರಾಯಿತು. ಎರಡು ನಿಮಿಷದ ಕೆಲಸ. ಸುಳ್ಳೂ ಅಲ್ಲವಲ್ಲ. ಅಲ್ಲಿ ಇದ್ದದ್ದೇ ಅದು. ಉಸ್ತಾದನಿಗೆ ಮಾಸಾಶನ ಬರುತ್ತದೆ, ಜಹೀರುನ್ನೀಸಾ ದುವಾ ಮಾಡುತ್ತಾಳೆ, ಯಾರೂ ಯಾರಿಗೂ ಏನನ್ನೂ ಹೇಳಬೇಕಾಗುವುದಿಲ್ಲ. ಟೈಪು ಮಾಡಿದ. ಕಂಪ್ಯೂಟರಿನ ಅಕ್ಷರಗಳು ಮೂಲೆಯಲ್ಲಿ ನೆಟ್ಟಗೆ ನಿಂತವು, ಬಾಡಿಗೆ ಕೋಟು ತೊಟ್ಟ ಮದುಮಗನ ಹಾಗೆ. ಉಸ್ತಾದನ ‘ಲಾ’ ಹೀಗಿರಲಿಲ್ಲ. ಅದರ ಬಾಲ ಬಲಕ್ಕೆ ಎದ್ದು, ಕೊನೆಗೆ ತೆಳ್ಳಗಾಗಿ, ಬ್ರಶ್ಶು ಎತ್ತಿದ ಜಾಗ ಕೂಡ ತಿಳಿಯದಂತೆ ಗಾಳಿಯಲ್ಲಿ ಮುಗಿಯುತ್ತಿತ್ತು. ಬೇರೆ ಬೇರೆ ಅಕ್ಷರಜಾತಿ ಹಾಕಿ ನೋಡಿದ. ಓರೆ ಮಾಡಿದ, ಮಸುಕು ಮಾಡಿದ. ಯಾವುದೂ ಒಪ್ಪಲಿಲ್ಲ. ಇದನ್ನು ಉಸ್ತಾದ ನೋಡಿದರೆ? ಮುಖ ನೋಡದೆ, ಮತ್ತೊಮ್ಮೆ, ಕೈ ತೊಳ್ಕೊಂಡು ಬಾ ಎಂದರೆ? ಯುಪಿಎಸ್ಸು ಕಿರ್ ಕಿರ್ ಎಂದಿತು, ಕರೆಂಟು ಹೋಗಿತ್ತು. ಫೋಟೋವನ್ನು ಉಳಿಸದೆ ಮುಚ್ಚಿದ.

ಕಾಲುವೆಯ ತೂಬು ನೆನಪಾದದ್ದು ಆಗ. ಕಾಲುವೆಗೆ ಮೊದಲ ನೀರು ಬಿಟ್ಟ ವರ್ಷಗಳಲ್ಲಿ ತೂಬುಗಳ ಮೇಲೆ ನಂಬರು ಬರೆದದ್ದು ಲಾಡ್ಲೇಸಾಬನೇ. ಸರಕಾರಿ ಕೆಲಸದಲ್ಲೂ ರಿವಾಜು ಬಿಟ್ಟಿರಲಿಲ್ಲ, ಎಲ್ಲ ನಂಬರಿನ ಕೆಳಗೂ ಬೇವಿನ ಎಲೆ, ಹೆಸರು. ಸಗರದ ಹಾದಿಯಲ್ಲಿ ಒಂದು ತೂಬಿತ್ತು, ಹುಲಗಪ್ಪ ಅದನ್ನು ಎಷ್ಟೋ ಸಲ ನೋಡಿದ್ದ. ಕೊನೆಯ ಸಲ ಯಾವಾಗ ನೋಡಿದೆ? ದೇವರೇ ಅದೊಂದು ಇರಲಿ ಎಂದುಕೊಳ್ಳುತ್ತ ಲ್ಯಾಪ್‌ಟಾಪನ್ನು ಬೆನ್ನಿಗೆ ಹಾಕಿ, ಊಟವನ್ನೂ ಮಾಡದೆ ಮೋಟಾರ್ ಸೈಕಲ್ಲು ಹತ್ತಿದ. ಹಾದಿಯುದ್ದಕ್ಕೂ ಎರಡೂ ಬದಿ ನೆಲ್ಲು. ಹಿಂದೆ ಇಲ್ಲೆಲ್ಲ ಜೋಳ ನಿಲ್ಲುತ್ತಿತ್ತು. ನೀರು ಬಂದ ಮೇಲೆ ನೆಲದ ಬಣ್ಣವೇ ಬೇರೆ, ಸೊಳ್ಳೆಯೂ ಬೇರೆ. ತೂಬಿನ ಹತ್ತಿರ ಗಾಡಿ ನಿಲ್ಲಿಸಿ, ಜಾರುವ ಏರಿ ಇಳಿದು, ಮಂಡಿಯೂರಿ ನೋಡಿದ. ಹೊಸ ಸಿಮೆಂಟು. ಅದರ ಮೇಲೆ ತಗಡಿನ ಅಚ್ಚಿಟ್ಟು ಒತ್ತಿದ ನೀಲಿ ನಂಬರು. ಉಗುರಿನಿಂದ ಕೆರೆದ. ಸಿಮೆಂಟಿನ ಕೆಳಗೂ ಸಿಮೆಂಟೇ ಇತ್ತು. ಬದುವಿನ ಮೇಲೆ ಹೋಗುತ್ತಿದ್ದ ಮುದುಕಿ ತಿಮ್ಮವ್ವ, ಏನ್ ಕಳಕೊಂಡಿಯಪಾ ಎಂದು ಕೇಳಿದಳು. ಅವನು ಏನಿಲ್ಲವ್ವ ಎಂದ. ಪ್ಯಾಂಟಿನ ಮಂಡಿ ಎರಡೂ ಕೆಸರಾಗಿತ್ತು, ಅದೇ ಅವತಾರದಲ್ಲಿ ಸಂಘದ ಕೋಣೆಗೆ ಹೋದ.

ಕೋಣೆಯಲ್ಲಿ ಹತ್ತು ಹನ್ನೆರಡು ಮಂದಿ ಕೂತಿದ್ದರು. ಯಂಕಣ್ಣ ಬಾ ಬಾ ಎಂದು ಪಕ್ಕದ ಕುರ್ಚಿಯ ಮೇಲಿದ್ದ ಟವೆಲು ತೆಗೆದು ಜಾಗ ಮಾಡಿಕೊಟ್ಟ. ಮತ್ತೆ ಅದೇ, ಪಕ್ಕದ ಜಾಗ. ಹುಲಗಪ್ಪ ಕೂರದೆ, ಮಂಡಿಯ ಕೆಸರು ತೋರಿಸಿ, ನಿಂತೇ ಲ್ಯಾಪ್‌ಟಾಪು ತೆರೆದ. ಕೆಳಗಿನ ಸಾಲು ಇದೆಯೋ ಇಲ್ಲವೋ ಎಂಬುದೇ ಅವನಿಗೆ ಮರೆತುಹೋಗಿತ್ತು. ಐದನೆಯ ಸಲ ಅಳಿಸಿದ್ದೆನೇ, ಬಿಟ್ಟಿದ್ದೆನೇ? ಪಾಳಿ ಪಟ್ಟಿ ನೋಡಿ ಎಲ್ಲರಿಗೂ ಹಿಗ್ಗಾಯಿತು. ಕಾಲುವೆಯ ಕೊನೆಯಲ್ಲಿ ಹೊಲವಿದ್ದ ಬೀರಣ್ಣ ತನ್ನ ಹೆಸರಿನ ಮೇಲೆ ಬೆರಳಿಟ್ಟು, ಇನ್ನು ಮ್ಯಾಲ ಯಾರೂ ಹರಿಯಾಕ ಬರಂಗಿಲ್ಲ ನೋಡು ಎಂದ. ಯಂಕಣ್ಣ ತನ್ನ ಮೊಬೈಲಿನಲ್ಲೂ ತೆರೆಸಿಕೊಂಡು ಹೆಬ್ಬೆರಳಿನಿಂದ ಮೇಲೆ ತಳ್ಳುತ್ತ ತಳ್ಳುತ್ತ ತಳಕ್ಕೆ ಬಂದ. ಬಂದು ಅಲ್ಲೇ ನಿಂತ. ಸಾಲು ಇತ್ತು.

“ಇದ್ಯಾರ ಹೆಸರೋ?”

“ಮಾಡಿದವಂದ್ರಿ.”

“ಮಾಡಿದವ ನೀ ಅಲ್ಲೇನು?”

ಎಷ್ಟೋ ಸುಳ್ಳುಗಳು ನಾಲಿಗೆಯ ತುದಿಗೆ ಬಂದು ಸಾಲುಗಟ್ಟಿದವು. ಕಂಪನಿಯ ಹೆಸರು ಅನ್ನಬಹುದು, ನಾಳೆ ತಾನಾಗಿಯೇ ಹೋಗುತ್ತದೆ ಅನ್ನಬಹುದು. “ಅಲ್ರಿ,” ಎಂದ ಹುಲಗಪ್ಪ. “ಅಂಗಿ ಹೊಲಿದವ ಅವ. ನಾ ಗುಂಡಿ ಹಚ್ಚೀನಿ.” ಯಾರೋ ಫಕ್ಕನೆ ನಕ್ಕರು. ಅಂದ್ರ ನಿನಗ ಗುಂಡಿ ಹಚ್ಚಿದ ಅರ್ಧ ಮಜೂರಿ ಕೊಟ್ರ ಆತಲ್ಲ ಎಂದು ಯಂಕಣ್ಣ ಅಂದಾಗ ಎಲ್ಲರೂ ನಕ್ಕರು, ಬೀರಣ್ಣ ಕೂಡ. ನಗುತ್ತಲೇ ಯಂಕಣ್ಣ ಮೊಬೈಲನ್ನು ಮುಂದೆ ಚಾಚಿ, “ಒರಸಿ ಬಿಡು,” ಎಂದ. ಅವೇ ಎರಡು ಮಾತು. ಹುಲಗಪ್ಪನಿಗೆ ಮೂಗಿನಲ್ಲಿ ಸೀಮೆಎಣ್ಣೆ ಬಡಿಯಿತು. ಒರೆಸಬೇಕಾದರೆ ಮೂರು ಸಾವಿರ ಚಿಲ್ಲರೆ ಕಟ್ಟಬೇಕು, ಅದು ಮಾಡಿದವನ ಶರತ್ತು, ಪುಕ್ಕಟೆ ಬೇಕಾದರೆ ಹೆಸರು ಇರಬೇಕು, ಕಟ್ಟದೆ ಒರೆಸುವುದು ನನ್ನಿಂದ ಆಗುವುದಿಲ್ಲ ಎಂದು ಒಂದೇ ಉಸಿರಿಗೆ ಹೇಳಿದ. ಯಂಕಣ್ಣ ಮೊಬೈಲನ್ನು ಜೇಬಿಗೆ ಹಾಕಿಕೊಂಡು, ಇರಲಿ ಬಿಡು, ತಳದಾಗಿಂದು ಯಾವ ಮಗ ಓದ್ತಾನ ಎಂದ. ಅಷ್ಟಕ್ಕೇ ಮುಗಿಯಿತು. ಚಹಾ ಬಂತು. ಹುಲಗಪ್ಪನ ಮಜೂರಿ ಅರ್ಧವಾದದ್ದನ್ನು ಯಾರೂ ಮತ್ತೆ ಎತ್ತಲಿಲ್ಲ, ಅವನೂ ಎತ್ತಲಿಲ್ಲ.

ಹಿಂತಿರುಗುವಾಗ ಅರ್ಧ ದಾರಿಯ ತನಕ ಅವನ ಮನಸ್ಸು ಹಗುರವಾಗಿತ್ತು. ಎದುರಿನ ಗಾಳಿಗೆ ಒಂದು ಹಳೆಯ ಹಾಡಿನ ತುಣುಕು ಕೂಡ ಬಾಯಿಗೆ ಬಂತು. ಹೆಸರು ಉಳಿಸಿದೆ, ಹತ್ತು ಮಂದಿಯ ಎದುರು ಮಾನ ಬಿಟ್ಟು ಉಳಿಸಿದೆ ಎಂದು ಒಳಗೊಳಗೇ ಯಾರಿಗೋ ವರದಿ ಒಪ್ಪಿಸುತ್ತಿದ್ದ. ತೂಬಿನ ಹತ್ತಿರ ಬಂದಾಗ ನೀಲಿ ನಂಬರು ಕಂಡಿತು, ಹಾಡು ನಿಂತಿತು. ಯಾರ ಹೆಸರು ಉಳಿಸಿದೆ ನಾನು? ಯಾವುದೋ ದೇಶದಲ್ಲಿ ಈಗ ಮಲಗಿರುವ, ಸಗರ ಎಂಬ ಊರಿದೆಯೆಂದೇ ಗೊತ್ತಿಲ್ಲದ ಒಬ್ಬನದು. ಅವನ ಹೆಸರು ಹೋಗಿದ್ದರೆ ಅವನಿಗೇನೂ ಹೋಗುತ್ತಿರಲಿಲ್ಲ. ಇಲ್ಲಿ ಸುರಪುರದಲ್ಲಿ, ಹಗ್ಗದ ಮಂಚದ ಮೇಲೆ, ಗುಳಿಗೆಗೆ ಕಾಯುತ್ತ ಕೂತವನೊಬ್ಬನಿದ್ದಾನೆ. ಹುಲಗಪ್ಪನ ಕೇಳು ಎಂದಿದ್ದಾನೆ. ಬೇರೆಯವನ ಹೆಸರು ಉಳಿಸಿ ಇವನ ಲೆಕ್ಕ ಚುಕ್ತಾ ಮಾಡಿಕೊಂಡೆನೆಂದು ಹಾಡು ಹೇಳುತ್ತ ಬಂದೆನಲ್ಲ, ನನ್ನಂಥ ನಾಚಿಕೆಗೇಡಿ ಇನ್ನೊಬ್ಬನಿದ್ದಾನೆಯೇ ಎಂದು ಅವನಿಗೆ ಅಳು ಬಂದಂತಾಯಿತು.

ಸೆಂಟರಿನ ಬೀಗ ತೆಗೆದು ಅರ್ಜಿಯನ್ನು ಮೊದಲಿನಿಂದ ಓದಿದ. ಮೂರನೆಯ ಪುಟದಲ್ಲಿ, ಹೆಸರಿರುವ ಕೃತಿ ಲಭ್ಯವಿಲ್ಲದಿದ್ದಲ್ಲಿ ಜೊತೆಯಲ್ಲಿ ಕೆಲಸ ಮಾಡಿದವರ ಸ್ವಹಸ್ತ ಹೇಳಿಕೆ ಲಗತ್ತಿಸುವುದು ಎಂದಿತ್ತು. ಬೆಳಿಗ್ಗೆಯೇ ಓದಿದ್ದರೆ ಬೆಳಿಗ್ಗೆಯೇ ಕಾಣುತ್ತಿತ್ತು. ಬಿಳಿಹಾಳೆ ತೆಗೆದು, ಅರ್ಜಿ ತುಂಬಲು ಇಟ್ಟಿದ್ದ ಶಾಯಿ ಪೆನ್ನು ಹಿಡಿದ. ಈಶಪ್ಪ ಸಾವ್ಕಾರರ ಹತ್ತಿ ಮಿಲ್ಲಿನ ಬೋರ್ಡನ್ನು ಸುರಪುರದ ಲಾಡ್ಲೇಸಾಬರು ಬರೆದಿದ್ದಾರೆ, ನಾನು ಅವರ ಕೈಕೆಳಗೆ ಇದ್ದೆ ಎಂಬಲ್ಲಿಯ ತನಕ ಪೆನ್ನು ಸರಾಗ ಓಡಿತು. ಮೂಲೆಯಲ್ಲಿದ್ದ ಅವರ ಹೆಸರು ಮಳೆಬಿಸಿಲಿಗೆ ಹೋಗಿದೆ ಎಂದು ಬರೆದ. ಹಾಳೆ ಹರಿದ. ಇನ್ನೊಂದರಲ್ಲಿ, ಮಾಲೀಕರು ತೆಗೆಸಿದ್ದಾರೆ ಎಂದು ಬರೆದ. ಅದೂ ನಿಜವೇ, ಅದಕ್ಕೇ ಇನ್ನೂ ಅಸಹ್ಯವಾಯಿತು. ಮೂರನೆಯದರಲ್ಲಿ, ಅವರು ನಮಾಜಿಗೆ ಹೋದಾಗ, ಬಣ್ಣ ಇನ್ನೂ ಹಸಿಯಿರುವಾಗ, ಆ ಹೆಸರನ್ನು ಸೀಮೆಎಣ್ಣೆ ಅರಿವೆಯಿಂದ ಒರೆಸಿದವನು ನಾನು ಎಂದು ಬರೆದ. ಬರೆದ ಮೇಲೆ ನೋಡಿದರೆ ಉಸ್ತಾದನ ಹೆಸರಿನ ‘ಲಾ’ದ ಬಾಲ ಬಲಕ್ಕೆ ಎದ್ದು ತೆಳ್ಳಗಾಗಿ ಮುಗಿದಿತ್ತು. ಹದಿನೈದು ವರ್ಷ ಕೀಲಿ ಒತ್ತಿದ ಕೈಯಲ್ಲಿ ಅದು ಎಲ್ಲಿ ಅಡಗಿ ಕೂತಿತ್ತೋ.

ಐದಕ್ಕೆ ಹತ್ತು ನಿಮಿಷವಿದ್ದಾಗ ಜಹೀರುನ್ನೀಸಾ ಬಂದಳು. ಯಾವುದಾದರೂ ಸಿಕ್ಕಿತೇ ಎಂದು ಕಣ್ಣಲ್ಲೇ ಕೇಳಿದಳು. ಹುಲಗಪ್ಪ ಹಾಳೆ ಕೊಟ್ಟು, ಕೊಟ್ಟ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ಮೇಜಿನ ಕೆಳಗೆ ಹಾಕಿಕೊಂಡ. ಅವಳು ಕನ್ನಡ ಶಾಲೆಯಲ್ಲಿ ಏಳನೆಯ ತರಗತಿಯ ತನಕ ಓದಿದವಳು, ಸಾಲಿನ ಕೆಳಗೆ ಬೆರಳು ಸರಿಸುತ್ತ ನಿಧಾನ ಓದಿದಳು. ಬೆರಳು ಒಂದು ಕಡೆ ನಿಂತಿತು. ಸುರಪುರದ ಬಸ್ಸು ಹೊರಗೆ ಹಾರ್ನು ಹಾಕಿತು. ಬೈದುಬಿಡಲಿ, ಉಗುಳಿ ಹೋಗಲಿ ಎಂದು ಅವನು ಕಾದ. ಅವಳು ಓದುವುದನ್ನು ಕೊನೆಯ ತನಕ ಓದಿ, ಹಾಳೆಯನ್ನು ಅವನ ಕಡೆ ತಿರುಗಿಸಿ ಮೇಜಿನ ಮೇಲಿಟ್ಟಳು.

“ಕೆಳಗ ನಿಮ್ಮ ಹೆಸರ ಇಲ್ಲಲ್ರಿ, ಹುಲಗಪ್ಪಣ್ಣ.”

ನೋಡಿದ. ಇರಲಿಲ್ಲ. ಎಲ್ಲವನ್ನೂ ಬರೆದಿದ್ದ, ಬಲಮೂಲೆ ಖಾಲಿ ಬಿಟ್ಟಿದ್ದ. ಮರೆತಿದ್ದೆ ಎನ್ನಲು ಬಾಯಿ ತೆರೆದು, ಅನ್ನದೆ, ಪೆನ್ನು ತೆಗೆದುಕೊಂಡು ಮೂಲೆಯಲ್ಲಿ ಪೂರ್ತಿ ಹೆಸರು ಬರೆದ. ಬರೆದು ಹಾಳೆ ಮಡಚಲು ಹೋದಾಗ ಅವಳು ಅದರ ಅಂಚಿನ ಮೇಲೆ ಕೈಯಿಟ್ಟಳು.

“ಇರ್ರಿ,” ಎಂದಳು. “ಹಸಿ ಅದ. ಒಣಗಲಿ.”

ಬಸ್ಸು ಇನ್ನೊಮ್ಮೆ ಹಾರ್ನು ಹಾಕಿ ಹೋಯಿತು. ಆರಕ್ಕೆ ಇನ್ನೊಂದಿತ್ತು. ಇಬ್ಬರೂ ಹಾಳೆ ನೋಡುತ್ತ ಕೂತರು.